ಬಾಕಿ ಉಳಿದ ಒಂದು ಏಟು

ಇದು ನಡೆದದ್ದೇ. ಗಣಿಯವರನ್ನು ಕಾಯುವ ಸಂತ ಬಾರ್ಬರಾ ಮೇಲಾಣೆ, ಇದರಲ್ಲಿ ನಾನು ಒಂದು ಎಳೆಯನ್ನೂ ಸೇರಿಸಿಲ್ಲ. ಸೇರಿಸಿದ್ದರೆ ನನ್ನ ನಾಲಿಗೆ ಜನವರಿಯಲ್ಲಿ ನಮ್ಮೂರ ಕೆರೆ ಹೆಪ್ಪುಗಟ್ಟುವ ಹಾಗೆ ಹೆಪ್ಪುಗಟ್ಟಲಿ. ನಮ್ಮೂರು ರುದ್ನಾದಲ್ಲಿ ಯಾರನ್ನು ಬೇಕಾದರೂ ಕೇಳಿ. ಗೇಜಾ ಮುದುಕನನ್ನು ಮಾತ್ರ ಕೇಳಬೇಡಿ, ಅವನು ಎಲ್ಲದಕ್ಕೂ ಉಪ್ಪುಖಾರ ಹಚ್ಚುತ್ತಾನೆ.

ಹೆರ್ಮೀನಾ ನಮ್ಮೂರ ಶಾಲೆಯಲ್ಲಿ ಅಡುಗೆ ಮಾಡುವವಳು. ತಾಮ್ರದ ಬಣ್ಣದ ಕೂದಲು, ಮೊಣಕೈವರೆಗೆ ಮಡಚಿದ ತೋಳು, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ. ಬಲಗೆನ್ನೆಯ ಗುಳಿಯನ್ನು ಯಾರಿಗೋ ಎತ್ತಿಟ್ಟಿದ್ದಾಳೆ ಎಂದು ಊರವರು ತಮಾಷೆ ಮಾಡುತ್ತಿದ್ದರು. ಅವಳಿಗೆ ಮೂವತ್ತು ದಾಟಿತ್ತು. ಎತ್ತಿಟ್ಟದ್ದನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ.

ಅಡುಗೆಯಲ್ಲದೆ ಅಜ್ಜನಿಂದ ಬಂದ ಇನ್ನೊಂದು ಕೆಲಸ ಅವಳಿಗಿತ್ತು. ನಮ್ಮ ಗುಡ್ಡದ ನೆತ್ತಿಯಲ್ಲಿ ಮರದ ಗೋಪುರವಿದೆ. ಅದರ ತುದಿಯಲ್ಲಿ ತೂಗುಬಿಟ್ಟ ಮೇಪಲ್ ಮರದ ಹಲಗೆ, ಪಕ್ಕದಲ್ಲಿ ಎರಡು ಕೊಡತಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಬೆಳಗಿನ ಜಾವ ಆ ಹಲಗೆ ಬಡಿದರೆ ಊರಿಗೆ ಊರೇ ಎದ್ದು ಬೆಳ್ಳಿ ಅಗೆಯಲು ಇಳಿಯುತ್ತಿತ್ತು. ಅದು ಎಬ್ಬಿಸುವ ಬಡಿತ, ಕೇಳಿದರೆ ಕಾಲು ಕುಣಿಯುವಂಥದ್ದು. ಇನ್ನೊಂದು ಸಾವಿನ ಬಡಿತ. ಜೋಡಿ ಏಟು, ಮೌನ. ಜೋಡಿ ಏಟು, ಮೌನ. ಕೊನೆಗೆ ಒಂದೇ ಒಂದು ಒಂಟಿ ಏಟು. ಆ ಒಂಟಿ ಏಟು ಬಿದ್ದಾಗ ಸತ್ತವರು ಊರ ಗಡಿ ದಾಟಿ ಹೊರಟುಹೋದರು ಎಂದು ಅರ್ಥ.

ಸಾವಿಲ್ಲದೆ ಆ ಬಡಿತವನ್ನು ಬಡಿಯುವಂತಿಲ್ಲ. ಬಡಿದರೆ ಬೆಟ್ಟ ತಾನೇ ಒಬ್ಬರನ್ನು ಆರಿಸಿಕೊಳ್ಳುತ್ತದೆ. ಹೆರ್ಮೀನಾಳಿಗೆ ಅಜ್ಜ ಅದನ್ನು ಕಲಿಸಿದ್ದು ಕೂಡ ದಿಂಬಿನ ಮೇಲೆ, ಶಬ್ದ ಬಾರದ ಹಾಗೆ. ಅವಳು ಮೊದಲ ಸಲ ನಿಜವಾದ ಹಲಗೆಯ ಮೇಲೆ ಬಡಿದದ್ದು ಆ ಅಜ್ಜ ತೀರಿಕೊಂಡಾಗ. ಆಮೇಲೆ ನಮ್ಮೂರಲ್ಲಿ ಯಾರೂ ಸತ್ತಿರಲಿಲ್ಲ. ನಮ್ಮ ನೀರು ಅಂಥದ್ದು.

ಒಂದು ವಸಂತದಲ್ಲಿ ಅವಳು ಕಾಡುಬೆಳ್ಳುಳ್ಳಿ ಸೊಪ್ಪು ಕೀಳಲು ಹೋಗಿದ್ದಳು. ಹಳೇ ಕಾಲುವೆಯ ಉದ್ದಕ್ಕೂ ಕೆಂಪು ಬಟ್ಟೆ ಕಟ್ಟಿದ ಗೂಟಗಳು ಕಂಡವು. ಹಿಂದಿನವರು ಮಳೆನೀರನ್ನು ಗುಡ್ಡ ಸುತ್ತಿಸಿ ಕೆರೆಗೆ ತಂದು, ಆ ನೀರಿನ ಬಲದಲ್ಲೇ ಗಣಿಯ ಪಂಪು ತಿರುಗಿಸುತ್ತಿದ್ದ ಕಾಲುವೆ ಅದು. ರಸ್ತೆಗೆ ಜಲ್ಲಿ ಬೇಕೆಂದು ಒಬ್ಬ ಕಂಟ್ರಾಕ್ಟರ್ ನಮ್ಮ ಗಣಿಯಿಂದ ತೆಗೆದು ಸುರಿದ ಕಲ್ಲುಗುಡ್ಡೆಗಳ ಮೇಲೆ ಕಣ್ಣು ಹಾಕಿದ್ದ ಕಾಲ. ಇದು ಅವನದೇ ಕೆಲಸ ಎಂದುಕೊಂಡ ಹೆರ್ಮೀನಾ ಒಂದೊಂದೇ ಗೂಟ ಕಿತ್ತು ಏಪ್ರನ್‌ಗೆ ತುಂಬಿಕೊಳ್ಳುತ್ತಾ ನಡೆದಳು. ಕಾಲುವೆ ಮುಗಿಯುವಲ್ಲಿ ಉದ್ದನೆಯ ಮನುಷ್ಯನೊಬ್ಬ ಮಂಡಿಯೂರಿ ಕೊನೆಯ ಗೂಟ ಬಡಿಯುತ್ತಿದ್ದ.

"ಅದನ್ನೂ ಕೊಡಿ ಇಲ್ಲಿ," ಎಂದಳು.

ಅವನು ತಲೆಯೆತ್ತಿದ. ಏಪ್ರನ್ ನೋಡಿದ. ಅವಳ ಹಿಂದೆ ಬೋಳಾಗಿ ನಿಂತ ಕಾಲುವೆ ನೋಡಿದ. "ಅಷ್ಟೂ ನನ್ನವೇನಾ?"

"ಇನ್ನೇನು ನಮ್ಮಪ್ಪನವಾ? ಜಲ್ಲಿ ಬೇಕಿದ್ರೆ ನಿಮ್ಮನೆ ಗೋಡೆ ಒಡ್ಕೊಳ್ಳಿ."

"ಜಲ್ಲಿಯವನಲ್ಲ ಕಣ್ರೀ ನಾನು. ಈ ಕಾಲುವೆ, ಕೆರೆ, ಕಲ್ಲುಗುಡ್ಡೆ, ಇವನ್ನ ಯಾರೂ ಮುಟ್ಟದೇ ಇರೋ ಹಾಗೆ ಮಾಡೋಕೆ ಬಂದಿರೋನು. ಬೆಳಗ್ಗೆಯಿಂದ ಅಳತೆ ಮಾಡ್ತಿದ್ದೆ."

ಹೆರ್ಮೀನಾಳ ಕಿವಿ ಕೆಂಪಾಯಿತು. "ಮೊದಲೇ ಹೇಳ್ಬಾರ್ದಾ?"

"ಗೂಟಗಳಿಗೆ ಹೇಳಿದ್ದೆ. ಅವು ನಿಮಗೆ ಹೇಳ್ಲಿಲ್ಲ ಅಂತ ಕಾಣುತ್ತೆ."

ಅವನ ಹೆಸರು ಕೊರ್ನೆಲ್. ರಾಜಧಾನಿಯ ಯಾವುದೋ ಕಚೇರಿಯವನು. ಹಳೇ ಹೊಲ, ಹಳೇ ಗಣಿ ಇರುವ ನೆಲವನ್ನೆಲ್ಲ ಅಳೆದು, ನಕ್ಷೆ ಬರೆದು, ಉಳಿಸಿ ಎಂದು ಸರ್ಕಾರಕ್ಕೆ ಹೇಳುವುದು ಅವನ ಕೆಲಸ. ಆ ಮಧ್ಯಾಹ್ನ ಇಬ್ಬರೂ ಸೇರಿ ಗೂಟಗಳನ್ನು ಮತ್ತೆ ನೆಟ್ಟರು. ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಅಳತೆ ಮುಗಿದಾಗಲೆಲ್ಲ ಅವನು ಟೇಪು ಸುತ್ತಿಕೊಳ್ಳುತ್ತಾ ಹತ್ತಿರ ಬರುತ್ತಿದ್ದ. ಮೊದಮೊದಲು ಟೇಪನ್ನು ನೋಡುತ್ತಾ ಬಂದ. ಸಂಜೆಯಾಗುತ್ತಾ ಟೇಪು ತಾನಾಗಿ ಸುತ್ತಿಕೊಳ್ಳುತ್ತಿತ್ತು, ಅವನು ಅವಳನ್ನು ನೋಡುತ್ತಾ ಬಂದ. ಕೊನೆಯ ಸಲ ಟೇಪು ಪೂರ್ತಿ ಸುತ್ತಿ ಮುಗಿದರೂ ಅವಳು ತನ್ನ ತುದಿಯನ್ನು ಬಿಡುವುದು ಮರೆತಳು.

"ಬಿಡಿ," ಎಂದ ಮೆಲ್ಲಗೆ.

"ನೀವೇ ಎಳೀತಿರೋದು," ಎಂದಳು.

ಬೇಸಿಗೆಯೆಲ್ಲ ಅವನು ಗುಡ್ಡ ಸುತ್ತಿದ. ಶಾಲೆ ಬಿಟ್ಟ ಮೇಲೆ ಅವಳೂ ಜೊತೆಗೆ ಹೋಗುತ್ತಿದ್ದಳು, ಬುತ್ತಿಯಲ್ಲಿ ಕುರಿಹಾಲಿನ ಚೀಸ್ ಹಚ್ಚಿದ ರೊಟ್ಟಿ, ಗಸಗಸೆ ಸುರುಳಿ ಕಟ್ಟಿಕೊಂಡು. ಅವನು ಹುಲ್ಲುಗಾವಲಿನ ಕಲ್ಲುಗೋಡೆಯ ಮೇಲೆ ಕೂತು ಹೇಳುತ್ತಿದ್ದ, "ಗಣಿ ಅಂದ್ರೆ ಬರೀ ತೂತು ಅಂದ್ಕೋತಾರೆ ಜನ. ಈ ಹುಲ್ಲುಗಾವಲೂ ಗಣಿನೇ. ಕೆಳಗೆ ಬೆಳ್ಳಿ ಅಗೆದೋರೇ ಮೇಲೆ ಬಂದು ಹಸು ಕಟ್ಟಿದ್ರು, ಈ ಗೋಡೆ ಪೇರಿಸಿದ್ರು. ಎಲ್ಲಾ ಸೇರಿ ಒಂದೇ ಮೈ. ಕೆರೆ ಹೊಟ್ಟೆ, ಕಾಲುವೆ ನರ. ನಿಮ್ಮ ಹಲಗೆ ಇದೆಯಲ್ಲ, ಅದು ಎದೆಬಡಿತ."

"ಯಾರ ಎದೇದು?" ಎಂದಳು ಅವಳು, ರೊಟ್ಟಿ ಮುರಿಯುತ್ತಾ.

ಅವನ ಕೈಯಲ್ಲಿದ್ದ ಪೆನ್ಸಿಲ್ ನಕ್ಷೆಯ ಮೇಲೆ ಇಲ್ಲದ ಕಡೆ ಒಂದು ಕೆರೆ ಬರೆದುಬಿಟ್ಟಿತು.

ಸುಗ್ಗಿ ಮುಗಿಯುವಷ್ಟರಲ್ಲಿ ನಕ್ಷೆ ಸಿದ್ಧವಾಯಿತು. ಉಳಿದದ್ದು ಹಲಗೆಯ ಎರಡು ಬಡಿತ. ಅವೆರಡನ್ನೂ ರೆಕಾರ್ಡ್ ಮಾಡಿಕೊಂಡರೆ ಅವನ ಕೆಲಸ ಮುಗಿಯಿತು, ಅವನು ಹೊರಡಬೇಕು. ಎಬ್ಬಿಸುವ ಬಡಿತವನ್ನು ಹೆರ್ಮೀನಾ ಒಂದು ಬೆಳಗ್ಗೆ ಬಡಿದು ಕೊಟ್ಟಳು. ಎರಡನೆಯದಕ್ಕೆ ತಲೆಯಾಡಿಸಿದಳು.

"ಯಾರೂ ಸತ್ತಿಲ್ಲವಲ್ರೀ."

"ದಿಂಬಿನ ಮೇಲೆ?"

"ದಿಂಬಿನ ಶಬ್ದ ತಗೊಂಡು ನಿಮ್ಮ ಸರ್ಕಾರ ಏನ್ ಮಾಡುತ್ತೆ, ಮಲಗುತ್ತಾ?"

ಸುದ್ದಿ ಊರೆಲ್ಲ ಹರಡಿತು. ನಮ್ಮ ಮುದುಕರು ಉಪಕಾರ ಬುದ್ಧಿಯವರು. ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತಿದ್ದ ರೊಜಾಲಿಯಾ ಅತ್ತೆ, ಎಂಬತ್ತು ದಾಟಿದ ಹೆಂಗಸು, ಕೊರ್ನೆಲ್‌ನನ್ನು ನಿಲ್ಲಿಸಿ ಹೇಳಿದಳು, "ಸ್ವಲ್ಪ ತಾಳಿ ಇಂಜಿನಿಯರ್ರೇ. ಈ ಆಲೂಗಡ್ಡೆ ಅಗೆದು ಮುಗಿಸ್ತೀನಿ, ಆಮೇಲೆ ನಿಮಗೋಸ್ಕರ ನಾನೇ ಸಾಯ್ತೀನಿ."

"ನೀನು ಹೇಳ್ತೀಯ, ಮಾಡಲ್ಲ," ಎಂದ ಗೇಜಾ. ಅವನು ನಮ್ಮ ಗಣಿಗೆ ಕೊನೆಯದಾಗಿ ಇಳಿದಿದ್ದವನು, ತೊಂಬತ್ತರ ಹತ್ತಿರ. "ಹೋದ ವರ್ಷನೂ ಹೀಗೇ ಹೇಳಿ ಹೊಸ ಕೋಟು ಹೊಲಿಸ್ಕೊಂಡಳು. ಮಾತಿಗೆ ನಿಲ್ಲೋನು ನಾನೊಬ್ಬನೇ."

ಎಲ್ಲರೂ ನಕ್ಕರು. ಹೆರ್ಮೀನಾ ನಗಲಿಲ್ಲ. ಅವಳಿಗೆ ಆಗಲೇ ಹೊಳೆದಿತ್ತು: ಯಾರಾದರೂ ಸಾಯುವವರೆಗೆ ಈ ಮನುಷ್ಯ ಹೊರಡುವಂತಿಲ್ಲ. ಯಾರಾದರೂ ಸತ್ತ ದಿನ ಇವನು ಹೊರಟ.

ಅಂದು ಗೇಜಾ ಬೆಂಚಿನಿಂದ ಏಳುತ್ತಾ ಸಣ್ಣಗೆ ಕೆಮ್ಮಿದ. ಹೆರ್ಮೀನಾ ಆ ಸಂಜೆಯೇ ಒಂದು ಕೋಳಿ ಕೊಯ್ದಳು.

ಮರುದಿನದಿಂದ ಊರಲ್ಲಿ ಸೂಪು ಹರಿಯಿತು. ಶಾಲೆ ಮುಗಿದದ್ದೇ ಹೆರ್ಮೀನಾ ಡಬ್ಬಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮುದುಕರ ಮನೆಮನೆ ಹತ್ತಿಳಿದಳು. ಕೋಳಿ ಸೂಪು, ಹುರುಳಿಕಾಯಿ ಸೂಪು, ಹೊಗೆಯಲ್ಲಿ ಒಣಗಿಸಿದ ಮಾಂಸ ಹಾಕಿ ಹುಳಿಕೆನೆ ಬಿಟ್ಟ ಅವರೆಬೀಜದ ಸೂಪು. ಆ ಸೂಪಿನ ಮಹಿಮೆ ಏನು ಹೇಳಲಿ. ರೊಜಾಲಿಯಾ ಕೋಲು ಬಿಸಾಡಿದಳು. ಅವಳ ಮುದಿ ಬೆಕ್ಕು ತಳಕ್ಕೆ ಉಳಿದದ್ದನ್ನು ನೆಕ್ಕಿ ಆ ವರ್ಷ ಮರಿ ಹಾಕಿತು. ಗೇಜಾಗೆ ಕೆಳದವಡೆಯಲ್ಲಿ ಹೊಸ ಹಲ್ಲು ಬಂತು. ನಾನೇ ಬೆರಳಿಟ್ಟು ನೋಡಿದ್ದೇನೆ, ಕಚ್ಚಿದ.

ಮುದುಕರು ಮಾತ್ರ ದುಂಡಗಾದರು. ಹೆರ್ಮೀನಾ ಇಳಿದುಹೋದಳು. ರಾತ್ರಿ ಮಲಗಿದರೆ ಊರಿನ ಪ್ರತಿಯೊಂದು ಕೆಮ್ಮೂ ಅವಳ ಕಿಟಕಿಗೇ ಬಂದು ಬಡಿದಂತೆ ಕೇಳುತ್ತಿತ್ತು. ಇದು ಗೇಜಾ ಮಾವನದು, ಒಣ ಕೆಮ್ಮು, ಪರವಾಗಿಲ್ಲ. ಇದು ರೊಜಾಲಿಯಾ ಅತ್ತೆಯದು, ನಾಳೆ ಜೇನು ಹಾಕಬೇಕು.

ಅವಳಿಗೆ ಇನ್ನೂ ಕಷ್ಟವಾಗಿದ್ದು ಕೊರ್ನೆಲ್‌ನ ಬಾಯಿ. ಎದುರು ಸಿಕ್ಕಿದಾಗಲೆಲ್ಲ ಅವನ ಮೊದಲ ಮಾತು ಅದೇ.

"ಗೇಜಾ ಮಾವ ಹೇಗಿದಾರೆ?"

"ಚೆನ್ನಾಗಿದಾರೆ."

"ರೊಜಾಲಿಯಾ ಅತ್ತೆ ನೆಗಡಿ?"

"ಹೋಯ್ತು."

ಅವನು ಉಸಿರು ಬಿಡುತ್ತಿದ್ದ. ಆ ಉಸಿರನ್ನು ಅವಳು ನಿರಾಸೆ ಎಂದು ಓದಿಕೊಂಡಳು. ಹೊರಡಲು ಇಷ್ಟೊಂದು ಅವಸರವೇ? ಟೇಪಿನ ತುದಿ ಹಿಡಿದು ಅಷ್ಟು ಹತ್ತಿರ ಬಂದದ್ದೆಲ್ಲ ಬರೀ ಅಳತೆಯೇ? ಕೇಳೋಣವೆಂದು ಬಾಯಿ ತೆರೆಯುತ್ತಿದ್ದಳು. "ಸೂಪು ಆರಿಹೋಗುತ್ತೆ," ಎಂದು ಮುಚ್ಚಿಕೊಂಡು ಹೋಗುತ್ತಿದ್ದಳು.

ಗುಡ್ಡದ ಬೀಚ್ ಮರಗಳ ಎಲೆ ಕೆಂಪಾಗಿ ಉದುರಿದವು. ಒಂದು ಬೆಳಗ್ಗೆ ಕಲ್ಲುಗುಡ್ಡೆಯ ಬುಡದಲ್ಲಿ ಕಂಟ್ರಾಕ್ಟರನ ಲಾರಿ ಬಂದು ನಿಂತು, ಒಂದಷ್ಟು ಹೊತ್ತು ನೋಡಿ, ವಾಪಸ್ ಹೋಯಿತು. ಅದೇ ವಾರ ಕೊರ್ನೆಲ್‌ನ ಕಚೇರಿಯಿಂದ ಫೋನು: ಹಿಮ ಬೀಳುವ ಮೊದಲು ಕಡತ ಪೂರ್ತಿಯಾಗಿ ಬಂದರೆ ಈ ಕಣಿವೆ ಉಳಿಯುವ ಜಾಗಗಳ ಸಾಲಿಗೆ ಸೇರುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷದ ಮಾತು. ಮುಂದಿನ ವರ್ಷಕ್ಕೆ ಕಲ್ಲುಗುಡ್ಡೆಗಳು ರಸ್ತೆಯಾಗಿ ಮಲಗಿರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ತನ್ನ ಒಂದು ಆಸೆಗೆ ಇಡೀ ಗುಡ್ಡವನ್ನೇ ಕಳೆಯುತ್ತಿದ್ದೇನೆ ಎಂದು ಹೆರ್ಮೀನಾಗೆ ಅನ್ನಿಸಿತು. ಆದರೂ ಸೂಪು ನಿಲ್ಲಿಸಲಾರಳು. ಗುಡ್ಡ ಉಳಿಯಲೆಂದು ಯಾರ ಸಾವನ್ನು ಬೇಡುವುದು?

ಆಗಲೇ ಗೇಜಾ ನಿಜವಾಗಿ ಹಾಸಿಗೆ ಹಿಡಿದ.

ಅವಳು ಮಧ್ಯಾಹ್ನವೇ ಸೂಪಿನ ಪಾತ್ರೆಯನ್ನು ಶಾಲು ಸುತ್ತಿ ಎದೆಗೊತ್ತಿಕೊಂಡು ಓಡಿದಳು. ಬಾಗಿಲು ತೆರೆದರೆ, ಮುದುಕನ ತಲೆದೆಸೆಯಲ್ಲಿ ಕೊರ್ನೆಲ್ ಕೂತಿದ್ದ. ಮಡಿಲಲ್ಲಿ ಅವನ ಚರ್ಮದ ಚೀಲ. ರೆಕಾರ್ಡರ್ ಇಟ್ಟುಕೊಂಡು ತಿರುಗುತ್ತಿದ್ದ ಅದೇ ಚೀಲ.

ಹೆರ್ಮೀನಾಳ ಎದೆಯಲ್ಲಿ ತಿಂಗಳುಗಟ್ಟಲೆ ಬೆಂದದ್ದು ಉಕ್ಕಿತು.

"ಇಷ್ಟು ಬೇಗ ಬಂದ್ಬಿಟ್ರಾ?" ಎಂದಳು. "ಅವರು ಇನ್ನೂ ಉಸಿರಾಡ್ತಿದಾರೆ."

ಕೊರ್ನೆಲ್ ಎದ್ದು ನಿಂತ. ಮುಖ ಸುಣ್ಣದಂತಾಗಿತ್ತು. "ನನ್ನನ್ನ ಹಾಗೆ ಅಂದ್ಕೊಂಡಿದ್ದೀರಾ ನೀವು?"

"ಚೀಲದಲ್ಲಿ ಏನಿದೆ?"

ಅವನು ಚೀಲವನ್ನು ನೋಡಿದ, ಅವಳನ್ನು ನೋಡಿದ, ತೆರೆಯಲಿಲ್ಲ. ಟೋಪಿ ಎತ್ತಿಕೊಂಡು ಅವಳ ಪಕ್ಕದಿಂದಲೇ ಹೊರಟುಹೋದ. ಕೋಟಿನ ತೋಳು ಅವಳ ತೋಳಿಗೆ ತಾಗಿತು. ಅಷ್ಟೇ. ಗೇಜಾ ಬಾಯಲ್ಲಿ ಥರ್ಮಾಮೀಟರ್ ಕಚ್ಚಿಕೊಂಡು ಇಬ್ಬರನ್ನೂ ಪಿಳಿಪಿಳಿ ನೋಡುತ್ತಿದ್ದ. ಅದನ್ನು ತೆಗೆದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಸೂಪಿನ ವಾಸನೆ ಚೆನ್ನಾಗಿತ್ತು.

ಕೆಲವು ದಿನ ಅವರಿಬ್ಬರೂ ಒಂದೇ ಬೀದಿಯಲ್ಲಿ ನಡೆಯಲಿಲ್ಲ. ಹೆರ್ಮೀನಾ ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಮಕ್ಕಳು ನೀರು ಕುಡಿದು ಕುಡಿದು ಹೊಟ್ಟೆ ಉಬ್ಬಿಸಿಕೊಂಡರು. ಗೇಜಾ ಸಾಯಲಿಲ್ಲ. ಎದ್ದು ಕೂತ, ಆಮೇಲೆ ನಡೆದ, ನೇರವಾಗಿ ಅಂಗಡಿಯ ಮುಂದಿನ ಬೆಂಚಿಗೆ ಬಂದು ಎಲ್ಲರನ್ನೂ ಕರೆಸಿದ. ಕೊರ್ನೆಲ್ ಒಂದು ತುದಿಯಲ್ಲಿ, ಹೆರ್ಮೀನಾ ಇನ್ನೊಂದು ತುದಿಯಲ್ಲಿ ನಿಂತರು.

"ಮಲಗಿದ್ದಾಗ ಯೋಚನೆ ಮಾಡ್ದೆ," ಎಂದ ಗೇಜಾ. "ನಮ್ಮೂರಲ್ಲಿ ಒಂದು ಸಾವು ಆಗಿದೆ, ಅದಕ್ಕೆ ಬಡಿತ ಆಗಿಲ್ಲ."

"ಯಾರದು ಮಾವ?" ಎಂದಳು ಹೆರ್ಮೀನಾ.

"ಗಣಿದು. ಮುಚ್ಚಿದ ದಿನ ಆಫೀಸಿನೋರು ಬೀಗ ಜಡಿದು ಹೋದ್ರು. ನಿಮ್ಮಜ್ಜನಿಗೆ ಬಡಿ ಅಂದ್ರೆ, ಅವನು ಹಲಗೆ ಕೆಳಗೆ ಕೂತು ಅಳ್ತಿದ್ದ, ಕೈ ಏಳ್ಲಿಲ್ಲ. ಅಷ್ಟು ಜನಕ್ಕೆ ಅನ್ನ ಕೊಟ್ಟ ಗಣಿ, ಮಣ್ಣು ಮಾಡೋ ಮರ್ಯಾದೆ ಕೂಡ ಇಲ್ಲದೆ ಬಿದ್ದಿದೆ. ಅದಕ್ಕೆ ಬಡಿಯೇ ಹುಡುಗಿ. ಇಂಜಿನಿಯರ್ರು ರೆಕಾರ್ಡ್ ಮಾಡ್ಕೊಳ್ಲಿ. ಬೆಟ್ಟನೂ ತಪ್ಪು ಅನ್ನಲ್ಲ."

ಗಂಡಸರು ಟೋಪಿ ತೆಗೆದರು. ಸರಿ ಎಂಬುದಕ್ಕೆ ಇನ್ನೇನು ಬೇಕು. ಹೆರ್ಮೀನಾ ಒಬ್ಬಳೇ ಆ ಬೆಂಚಿನ ತುದಿ ಹಿಡಿದುಕೊಂಡಳು. ಯಾರೂ ಸಾಯದೆ, ಯಾವ ತಪ್ಪೂ ಇಲ್ಲದೆ, ಅವನ ಕೆಲಸ ಮುಗಿಯುವ ದಾರಿ ಸಿಕ್ಕಿತ್ತು. ಇನ್ನು ಸೂಪಿನಿಂದ ತಡೆಯುವಂಥದ್ದು ಏನೂ ಉಳಿದಿರಲಿಲ್ಲ.

ಭಾನುವಾರ ಊರೆಲ್ಲ ಗೋಪುರದ ಪಕ್ಕದಲ್ಲೇ ಇದ್ದ ಗಣಿಯ ಬಾಯಿಗೆ ಸೇರಿತು. ಪೆಟ್ಟಿಗೆಗಳಿಂದ ಗಣಿಯವರ ಕರೀ ಕೋಟುಗಳು ಹೊರಬಂದವು, ನುಸಿ ತಿಂದ ಕಾಲರು, ಉಜ್ಜಿ ಹೊಳೆಯಿಸಿದ ಹಿತ್ತಾಳೆ ಗುಂಡಿ. ಹಗಲಲ್ಲೇ ದೀಪ ಹಚ್ಚಿಕೊಂಡು ನಿಂತರು. ಮೋಡ ಗುಡ್ಡಕ್ಕೆ ಒರಗಿತ್ತು. ಹಿಮದ ವಾಸನೆ. ಗೋಪುರದ ಬುಡದಲ್ಲಿ ಕೊರ್ನೆಲ್ ಉದ್ದ ಕೋಲಿಗೆ ಮೈಕ್ ಕಟ್ಟಿ ಹಿಡಿದು ನಿಂತಿದ್ದ. ಅವನ ಪೆಟ್ಟಿಗೆ ಅಂಗಡಿಯ ಮುಂದೆ ಬಸ್ಸಿಗೆ ಸಿದ್ಧವಾಗಿ ಕೂತಿರುವುದನ್ನು ಹೆರ್ಮೀನಾ ಬರುವಾಗಲೇ ನೋಡಿದ್ದಳು.

ಅವಳು ಮೆಟ್ಟಿಲು ಹತ್ತಿದಳು. ಕೊಡತಿ ಎತ್ತಿದಳು.

ಜೋಡಿ ಏಟು. ಮೌನ.

ಮೇಪಲ್ ಹಲಗೆಯ ದನಿ ಕೆರೆಯ ಮೇಲೆ ಹೋಗಿ, ಕಲ್ಲುಗುಡ್ಡೆಗೆ ತಾಗಿ, ತಿರುಗಿ ಬಂತು. ಜೋಡಿ ಏಟು. ಮೌನ. ಅವಳು ಮೌನಗಳನ್ನು ಉದ್ದ ಮಾಡುತ್ತಾ ಹೋದಳು. ಒಂದು ಮೌನದಲ್ಲಿ ಕಾಗೆಯೊಂದು ಕಣಿವೆಯನ್ನೇ ದಾಟಿತು. ಇನ್ನೊಂದರಲ್ಲಿ ಮೊದಲ ಹಿಮದ ಹೂವು ಇಳಿದು ಅವಳ ರೆಪ್ಪೆಯ ಮೇಲೆ ಕರಗಿತು. ಎಷ್ಟು ಎಳೆದರೂ ಬಡಿತಕ್ಕೆ ಒಂದು ಕೊನೆ ಇತ್ತು. ಜೋಡಿ ಏಟುಗಳೆಲ್ಲ ಮುಗಿದವು. ಉಳಿದದ್ದು ಆ ಒಂಟಿ ಏಟು.

ಅವಳು ಕೊಡತಿ ಮೇಲೆತ್ತಿದಳು. ಅದು ಅಲ್ಲೇ ನಿಂತಿತು.

ಜನ ಕಾದರು. ದೀಪಗಳು ಅಲುಗಿದವು. ಕೊನೆಗೆ ರೊಜಾಲಿಯಾ ಕೂಗಿದಳು, "ಹೊಡಿಯೇ ಹುಡುಗಿ, ಕಾಲು ಮರಗಟ್ಟಿಹೋಗ್ತಿದೆ."

"ಹೊಡೆಯಲ್ಲ ಅತ್ತೆ."

"ಯಾಕೇ?"

"ಹೊಡೆದ್ರೆ ಹೊರಟುಹೋಗ್ತಾರೆ."

"ಯಾರು, ಗಣಿನಾ?"

"ಗಣಿ ಹಾಳಾಗ್ಲಿ," ಎಂದಳು ಹೆರ್ಮೀನಾ, ಕಣ್ಣೀರು ಗಲ್ಲಕ್ಕಿಳಿದು. "ಅವರು. ಕೆಳಗೆ ಮೈಕ್ ಹಿಡ್ಕೊಂಡು ನಿಂತಿದಾರಲ್ಲ, ಅವರು."

ಇಡೀ ಊರು ಕೊರ್ನೆಲ್ ಕಡೆ ತಿರುಗಿತು.

"ರೀ ಇಂಜಿನಿಯರ್ರೇ," ಎಂದ ಗೇಜಾ, "ಬಾಯಲ್ಲಿ ಹಿಟ್ಟಿಟ್ಕೊಂಡಿದೀರಾ? ಬೇಸಿಗೆ ಮುಗಿದಾಗಿಂದ ನಮಗೆಲ್ಲ ಸೌದೆ ಸೀಳಿ ಹಾಕಿದೋರು ಯಾರು, ನನ್ನ ಒಲೆ ಕೊಳವೆ ಸರಿಮಾಡಿದೋರು ಯಾರು, ಈ ಮುದುಕರು ಬದುಕಿರ್ಲಿ, ಇಲ್ಲಾಂದ್ರೆ ನಾನು ಊರು ಬಿಡ್ಬೇಕಾಗುತ್ತೆ ಅಂತ ನನ್ನ ಹತ್ರ ಗೋಳಾಡಿದೋರು ಯಾರು, ಹೇಳ್ತೀರೋ ನಾನೇ ಹೇಳ್ಲೋ?"

"ನೀನು ಹೇಳಿಯೇ ಬಿಟ್ಯಲ್ಲೋ," ಎಂದಳು ರೊಜಾಲಿಯಾ. "ಹೋಯ್ತು, ಇನ್ನು ಸೂಪೂ ಇಲ್ಲ, ಸೌದೆನೂ ಇಲ್ಲ."

ಕೊರ್ನೆಲ್ ಮೈಕ್ ಕೋಲನ್ನು ಗೇಜಾನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದ. ಮೇಲೆ ಬಂದಾಗ ಏದುಸಿರು ಬಿಡುತ್ತಿದ್ದ. ಹೆರ್ಮೀನಾಳ ಕೈ ಇನ್ನೂ ಗಾಳಿಯಲ್ಲೇ ಇತ್ತು.

"ಚೀಲದಲ್ಲಿ ಏನಿತ್ತು?" ಎಂದಳು.

"ಜೇನು. ಎದೆಗೆ ಹಾಕೋ ಸಾಸಿವೆ ಪಟ್ಟಿ."

"ಆವತ್ತೇ ಹೇಳ್ಬಾರ್ದಿತ್ತಾ?"

"ನೀನು ಕೇಳಿದ ರೀತಿಗೆ ಜೇನೂ ಕಹಿಯಾಗಿತ್ತು." ಅವನು ಅವಳನ್ನು ನೀನು ಎಂದದ್ದು ಅದೇ ಮೊದಲು. ಇಬ್ಬರಿಗೂ ಅದು ಕೇಳಿಸಿತು. "ಗೇಜಾ ಮಾವ ಕೆಮ್ಮಿದಾಗೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು. ಅವರ ಮೇಲಿನ ಪ್ರೀತಿಗಲ್ಲ."

"ಕೇಳಿಸ್ತಿದೆ," ಎಂದ ಕೆಳಗಿನಿಂದ ಗೇಜಾ.

"ಈಗ ಈ ಏಟು?" ಎಂದಳು ಹೆರ್ಮೀನಾ ಪಿಸುಮಾತಿನಲ್ಲಿ. "ನಿನ್ನ ಕಡತ? ಗುಡ್ಡ?"

ಅವನು ಅವಳ ಎತ್ತಿದ ಮುಷ್ಟಿಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ನಿಧಾನವಾಗಿ, ಹಲಗೆಗೆ ತಾಗದಂತೆ ಕೆಳಗಿಳಿಸಿದ. "ಬಡಿತ ಹೇಗಿದೆಯೋ ಹಾಗೇ ಕಳಿಸ್ತೀನಿ. ಒಂದು ಏಟು ಬಾಕಿ ಇದೆ, ಅದು ಬೀಳೋವರೆಗೆ ಇಲ್ಲೇ ಇದ್ದು ಕಾಯ್ತೀನಿ ಅಂತ ಹೇಳ್ತೀನಿ. ನೀನು ಯಾವಾಗ ಹೊಡೀತೀಯ?"

"ನನಗೆ ತೊಂಬತ್ತಾಗ್ಲಿ, ನೋಡೋಣ."

ಆಗ ಅವಳು ನಕ್ಕಳು. ಬಲಗೆನ್ನೆಯಲ್ಲೂ ಗುಳಿ ಬಿತ್ತು. ದೀಪ ಹಿಡಿದಿದ್ದ ಅಷ್ಟೂ ಜನ ನೋಡಿದ್ದಾರೆ.

ಕಡತ ಹಾಗೇ ಹೋಯಿತು. ಗಣಿ ಹಾಳಾಗ್ಲಿ ಎಂಬುದೂ, ಗೇಜಾನ ಕೆಮ್ಮೂ ಆ ರೆಕಾರ್ಡಿನಲ್ಲಿವೆ. ಕಚೇರಿಯವರು ಮೂಗು ಮುರಿದರು, ಆಮೇಲೆ ಒಪ್ಪಿದರು. ಕಲ್ಲುಗುಡ್ಡೆಗಳು ಇದ್ದಲ್ಲೇ ಇವೆ, ಲಾರಿ ಬೇರೆ ಗುಡ್ಡ ಹುಡುಕಿಕೊಂಡಿತು. ಕಾಲುವೆಗಳ ಹೂಳೆತ್ತಿಸುತ್ತಾ ಕೊರ್ನೆಲ್ ಇಲ್ಲೇ ಇದ್ದಾನೆ. ಗಣಿ ಸತ್ತಿದೆ, ಆದರೆ ಊರು ಬಿಟ್ಟು ಹೋಗಿಲ್ಲ. ಹಾಗಿರುವುದೇ ಸರಿ ಎನ್ನುತ್ತಾನೆ ಗೇಜಾ.

ಒಂದೇ ಒಂದು ಅನ್ಯಾಯವಾಯಿತು. ಹೆರ್ಮೀನಾಳ ಕಿವಿಗೆ ಈಗ ನಮ್ಮ ಕೆಮ್ಮು ಕೇಳಿಸುವುದೇ ಇಲ್ಲ. ಬೆಂಚಿನಲ್ಲಿ ಕೂತು ನಾವೆಲ್ಲ ಸಾಲಾಗಿ ಕೆಮ್ಮಿದರೂ ನಗುತ್ತಾ ಮುಂದೆ ಹೋಗುತ್ತಾಳೆ. ಗೇಜಾಗಾದರೂ ಒಂದು ಹಲ್ಲು ಬಂತು. ನನ್ನ ಸರದಿ ಬರುವಷ್ಟರಲ್ಲಿ ಸೂಪು ನಿಂತಿತು.

ನೀವು ಆಗಿನಿಂದ ನನ್ನನ್ನೇ ಒಂಥರಾ ನೋಡುತ್ತಿದ್ದೀರಿ. ಹಲ್ಲಿನ ಮಾತು ನಂಬಿಲ್ಲ, ಅಲ್ಲವೇ? ಪರೀಕ್ಷೆ ಮಾಡುವುದು ಸುಲಭ. ಮನೆಗೆ ಹೋಗಿ ಒಂದು ಪಾತ್ರೆ ಅವರೆಬೀಜದ ಸೂಪು ಮಾಡಿ ತನ್ನಿ, ಮಾಂಸಕ್ಕೆ ಕೈ ಬಿಗಿ ಹಿಡಿಯಬೇಡಿ, ಹುಳಿಕೆನೆ ಬೇರೆ ಬಟ್ಟಲಲ್ಲಿರಲಿ. ನಾನು ಬಾಯಿ ತೆರೆದುಕೊಂಡು ಇಲ್ಲೇ ಕೂತಿರುತ್ತೇನೆ.